ಕಾಣದ ಕಣಕ್ಕೂ ಲೆಕ್ಕ ಬೇಕು

ಕಳೆದ ತಿಂಗಳು ನಮ್ಮ ಸಂಘದ ಕೂಟ ಮುಗಿದ ಮೇಲೆ, ಉಪ್ಪಿಟ್ಟು-ಕಾಫಿಯ ಹೊತ್ತಿನಲ್ಲಿ ಒಂದು ಮಾತು ಎದ್ದಿತು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ನೆಲದಡಿಯಲ್ಲಿ 91 ಕಿಲೋಮೀಟರ್ ಸುತ್ತಳತೆಯ ಸುರಂಗ ಕೊರೆದು ಹೊಸ ಯಂತ್ರವೊಂದನ್ನು ಕಟ್ಟುವ ಯೋಜನೆಯ ಸುದ್ದಿಯನ್ನು ಹಿರಿಯರೊಬ್ಬರು ಪತ್ರಿಕೆಯಲ್ಲಿ ಓದಿದ್ದರು. “ಈಗಿರುವ ಯಂತ್ರದಲ್ಲಿ ಹುಡುಕಿದ್ದು ಸಿಗಲಿಲ್ಲವಂತೆ. ಅದಕ್ಕೇ ಅದರ ಮೂರರಷ್ಟು ದೊಡ್ಡದು ಬೇಕಂತೆ! ಉಂಗುರ ಮನೆಯಲ್ಲಿ ಸಿಗದಿದ್ದರೆ ಊರನ್ನೇ ಅಗೆಯುವುದೆ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಮರಳುವಾಗ ಲೋಕಲ್ ಗಾಡಿಯಲ್ಲಿ ಆ ನಗು ನನ್ನನ್ನೇ ಚುಚ್ಚತೊಡಗಿತು. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೂ ಒಂದು ಕಾಲಕ್ಕೆ ಭೌತಶಾಸ್ತ್ರ ಓದಿ ಬಿ.ಎಸ್‌ಸಿ. ಪಾಸು ಮಾಡಿದವನು. ಅಂದು ಅಲ್ಲಿದ್ದವರಲ್ಲಿ ಆ ಮಾತಿಗೆ ಉತ್ತರ ಹೇಳುವ ಹೊಣೆ ಯಾರ ಮೇಲಾದರೂ ಇದ್ದರೆ ಅದು ನನ್ನ ಮೇಲೆ. ಆ ಹೊತ್ತು ಬಾಯಿ ಮುಚ್ಚಿಕೊಂಡು ನಕ್ಕದ್ದಕ್ಕೆ ಈ ಲೇಖನ ನನ್ನ ತಪ್ಪುಕಾಣಿಕೆ.

ಹಿರಿಯರ ಬಗ್ಗೆ ನನಗೆ ಗೌರವವಿದೆ. ಅವರ ವಾದದ ಬಗ್ಗೆ ಇಲ್ಲ. ಆದರೆ ನನ್ನ ಜಗಳ ಅವರೊಬ್ಬರೊಡನೆ ಮಾತ್ರವಲ್ಲ. ‘ಸಿಗದಿದ್ದರೆ ದಂಡ’ ಎನ್ನುವವರೊಡನೆ ಎಷ್ಟು ಜಗಳವೋ, ‘ಮುಂದಿನ ಯಂತ್ರದಲ್ಲಿ ಖಂಡಿತ ಸಿಗುತ್ತದೆ’ ಎಂದು ನಲವತ್ತು ವರ್ಷಗಳಿಂದ ಆಸೆ ತೋರಿಸುತ್ತ ಬಂದ ಪಂಡಿತರೊಡನೆಯೂ ಅಷ್ಟೇ ಜಗಳ. ಇಬ್ಬರದೂ ಒಂದೇ ತಪ್ಪು. ವಿಜ್ಞಾನವೆಂದರೆ ನಿಧಿ ಅಗೆಯುವ ಕೆಲಸವೆಂದು ಇಬ್ಬರೂ ತಿಳಿದಿದ್ದಾರೆ. ವಿಜ್ಞಾನ ಮೊದಲು ಲೆಕ್ಕ. ನಿಧಿಯ ಮಾತು ಆಮೇಲೆ.

ಹುಡುಕುತ್ತಿರುವುದಾದರೂ ಏನನ್ನು? ಜಗತ್ತಿನ ಮೂಲಕಣಗಳಲ್ಲಿ ಎರಡು ಕುಲಗಳಿವೆ. ಎಲೆಕ್ಟ್ರಾನ್, ಕ್ವಾರ್ಕ್ ಮುಂತಾದವು ಫರ್ಮಿಯಾನ್ ಕುಲ, ವಸ್ತುವೆಲ್ಲ ಇವುಗಳಿಂದಾದದ್ದು. ಬೆಳಕಿನ ಕಣವಾದ ಫೋಟಾನ್ ಮೊದಲಾದ, ಬಲಗಳನ್ನು ಸಾಗಿಸುವ ಕಣಗಳದು ಬೋಸಾನ್ ಕುಲ. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರನ್ನು ಹೊತ್ತದ್ದು. 1971ರಲ್ಲಿ ರಷ್ಯದ ಗೋಲ್ಫಾಂಡ್ ಮತ್ತು ಲಿಖ್ಟ್‌ಮನ್, 1974ರಲ್ಲಿ ಯೂರೋಪಿನ ವೆಸ್ ಮತ್ತು ಜುಮಿನೊ ಈ ಎರಡು ಕುಲಗಳಿಗೆ ಬೀಗತನ ಕಟ್ಟುವ ಗಣಿತವನ್ನು ಬರೆದರು. ಅದೇ ಸೂಪರ್‌ಸಿಮೆಟ್ರಿ, ಕನ್ನಡದಲ್ಲಿ ಅತಿಸಮಮಿತಿ ಎನ್ನೋಣ. ಇದರ ಪ್ರಕಾರ ಪ್ರತಿಯೊಂದು ಕಣಕ್ಕೂ ಎದುರು ಕುಲದಲ್ಲಿ ಒಂದು ಜೋಡಿಕಣ ಇರಲೇಬೇಕು: ಎಲೆಕ್ಟ್ರಾನಿಗೆ ಸೆಲೆಕ್ಟ್ರಾನ್, ಫೋಟಾನಿಗೆ ಫೋಟಿನೊ. ಜೋಡಿಗಳಲ್ಲಿ ‘ಸ್ಪಿನ್’ ಎಂಬ ಗಿರಕಿಯ ಗುಣ ಮಾತ್ರ ಅರ್ಧದಷ್ಟು ಬೇರೆ. ತೂಕವೂ ಒಂದೇ ಆಗಿದ್ದರೆ ಅವು ಎಂದೋ ಕಣ್ಣಿಗೆ ಬೀಳಬೇಕಿತ್ತು. ಬಿದ್ದಿಲ್ಲವಾದ್ದರಿಂದ, ಇದ್ದರೆ ಭಾರವಾಗಿರಬೇಕು ಎಂಬುದು ತೀರ್ಮಾನ.

ಈ ಕಲ್ಪನೆಗೆ ವಿಜ್ಞಾನಿಗಳು ಮರುಳಾದದ್ದು ಸುಮ್ಮನೆ ಅಲ್ಲ. ಹಿಗ್ಸ್ ಕಣದ ತೂಕ ಲೆಕ್ಕದಲ್ಲಿ ಮಿತಿಮೀರಿ ಉಬ್ಬದಂತೆ ಇದು ತಡೆಯುತ್ತದೆ. ವಿದ್ಯುತ್ಕಾಂತ ಬಲ, ದುರ್ಬಲ ಬಲ, ಪ್ರಬಲ ಬಲ ಎಂಬ ಮೂರರ ಪ್ರಮಾಣಗಳು ಬಹು ಎತ್ತರದ ಶಕ್ತಿಯಲ್ಲಿ ಒಂದೇ ಬಿಂದುವಿನ ಬಳಿ ಕೂಡುತ್ತವೆ. ಬ್ರಹ್ಮಾಂಡದಲ್ಲಿರುವ ಕಾಣದ ದ್ರವ್ಯಕ್ಕೂ ಇದರಲ್ಲಿ ಒಬ್ಬ ಅಭ್ಯರ್ಥಿ ದೊರೆಯುತ್ತಾನೆ. ಒಂದೇ ಕಲ್ಲಿಗೆ ಮೂರು ಹಣ್ಣು. ಆಸೆ ಹುಟ್ಟುವುದು ಸಹಜವೇ.

ಆದರೆ ಹಣ್ಣು ಬೀಳಲಿಲ್ಲ. ಜಿನೀವಾದ ಸರ್ನ್ ಸಂಸ್ಥೆಯ ದೊಡ್ಡ ಪ್ರೋಟಾನ್ ಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು. ಅದರ ತೂಕ ಸುಮಾರು 125 ಜಿಇವಿ, ಎಂದರೆ 125 ಶತಕೋಟಿ ಎಲೆಕ್ಟ್ರಾನ್‌ವೋಲ್ಟ್. ಜೋಡಿಕಣ ಮಾತ್ರ ಒಂದೂ ಸಿಗಲಿಲ್ಲ. ಗ್ಲುಯಾನಿನ ಜೋಡಿ ಇದ್ದರೆ, ಹಲವು ಸರಳ ಮಾದರಿಗಳಲ್ಲಿ, ಅದು 2,000 ಜಿಇವಿಗಿಂತ ಭಾರವಾಗಿರಬೇಕು ಎಂಬಲ್ಲಿಗೆ ಈಗ ಬಂದು ನಿಂತಿದ್ದೇವೆ.

ನಮ್ಮ ಕಡೆಯ ಊರುಗಳಲ್ಲಿ ಹಿಂದೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ವಾಚಕರಿಗೆ ನೆನಪಿರಬಹುದು. ರಾತ್ರಿ ಬಂದ ದೆವ್ವ ಅದನ್ನೋದಿ ಹಿಂದಿರುಗುತ್ತಿತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಅತಿಸಮಮಿತಿಯ ಕೆಲವು ಪ್ರತಿಪಾದಕರು ತಮ್ಮ ಬಾಗಿಲಿಗೆ ಇದನ್ನೇ ಬರೆದಿದ್ದಾರೆ. ಹಿಂದಿನ ಯಂತ್ರದಲ್ಲಿ ಸಿಗದಿದ್ದಾಗ ‘ಮುಂದಿನದರಲ್ಲಿ’ ಎಂದರು. ಅದರಲ್ಲೂ ಸಿಗದಿದ್ದಾಗ ‘ಸ್ವಲ್ಪ ಭಾರವಾಗಿರಬೇಕು’ ಎಂದರು. ವಾಯಿದೆಯ ಮೇಲೆ ವಾಯಿದೆ ಕೇಳುವ ಸಾಲಗಾರನನ್ನು ಯಾವ ಬ್ಯಾಂಕೂ ನಂಬುವುದಿಲ್ಲ. ಹಿರಿಯರ ಸಿಟ್ಟಿಗೆ ಇಲ್ಲಿ ಕಾರಣವಿದೆ ಎಂದು ಒಪ್ಪುತ್ತೇನೆ.

ಆದರೆ ಅಲ್ಲಿಂದ ‘ಆದ್ದರಿಂದ ಯಂತ್ರ ಬೇಡ’ ಎಂಬಲ್ಲಿಗೆ ಅವರು ಜಿಗಿದರಲ್ಲ, ಅದನ್ನು ಒಪ್ಪಲಾರೆ. ಸಿಗಲಿಲ್ಲ ಎಂಬುದು ಶೂನ್ಯ ಫಲವಲ್ಲ. ಇದಕ್ಕೆ ನಮ್ಮ ಕೋಲಾರವೇ ಸಾಕ್ಷಿ.

ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವನ್ನು ಹಿಡಿದರು. 1980ರಲ್ಲಿ ಅಲ್ಲಿಯೇ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾದು ನೋಡುವ ಪ್ರಯೋಗ ಆರಂಭವಾಯಿತು. ಒಡೆದಂತೆ ತೋರಿದ ಕೆಲವು ಘಟನೆಗಳು ಕಂಡವು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. ಯಾರೂ ಪ್ರೋಟಾನ್ ಒಡೆದದ್ದನ್ನು ಕಾಣಲಿಲ್ಲ. ಫಲ? ಮೂರು ಬಲಗಳನ್ನು ಒಂದುಗೂಡಿಸುವ ಸಿದ್ಧಾಂತಗಳಲ್ಲಿ ಎಲ್ಲಕ್ಕಿಂತ ಸರಳವೂ ಸುಂದರವೂ ಆಗಿದ್ದದ್ದು ಬಿದ್ದುಹೋಯಿತು. ಅದು ಇಷ್ಟು ವರ್ಷದೊಳಗೆ ಒಡೆಯಬೇಕೆಂದು ಮೊದಲೇ ಲೆಕ್ಕ ಬರೆದುಕೊಟ್ಟಿತ್ತು, ಲೆಕ್ಕ ತಪ್ಪಿತು, ಸಿದ್ಧಾಂತ ಹೋಯಿತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕಾದು ಕುಳಿತವರ ಶ್ರಮವನ್ನು ದಂಡ ಎನ್ನುವ ಧೈರ್ಯ ನನಗಿಲ್ಲ.

ಈಗ ಯಂತ್ರದ ವಿಷಯ. ಇಂದಿನ ಯಂತ್ರ ಪ್ರೋಟಾನನ್ನು ಪ್ರೋಟಾನಿಗೆ ಗುದ್ದಿಸುತ್ತದೆ. ಪ್ರೋಟಾನ್ ಎಂಬುದು ಬಿಡಿ ಸಾಮಾನು ತುಂಬಿದ ಗೋಣಿಚೀಲ. ಎರಡು ಚೀಲಗಳು ಗುದ್ದಿದಾಗ ಒಳಗಿನ ಯಾವ ತುಣುಕು ಯಾವುದಕ್ಕೆ ಎಷ್ಟು ಶಕ್ತಿಯಿಂದ ತಗುಲಿತೆಂದು ಮೊದಲಾಗಿ ತಿಳಿಯುವುದಿಲ್ಲ. ಎಲೆಕ್ಟ್ರಾನ್ ಹಾಗಲ್ಲ, ಅದಕ್ಕೆ ಒಳತುಣುಕುಗಳಿಲ್ಲ. ಅದನ್ನು ಅದರ ಪ್ರತಿಕಣವಾದ ಪಾಸಿಟ್ರಾನಿಗೆ ಗುದ್ದಿಸಿದರೆ ಎರಡೂ ಅಳಿದು ಪೂರ್ತಿ ಶಕ್ತಿ ಹೊಸ ಕಣಗಳಾಗುತ್ತದೆ. ಜಮಾ ಎಷ್ಟೆಂದು ಮೊದಲೇ ಗೊತ್ತು. ಹೊರಬಿದ್ದ ಕಣಗಳನ್ನು ಕೂಡಿಸಿದರೆ ಖರ್ಚು ಗೊತ್ತಾಗುತ್ತದೆ. ಕೊರತೆ ಬಿದ್ದರೆ, ಕಣ್ಣಿಗೆ ಕಾಣದ್ದೇನೋ ಅಷ್ಟನ್ನು ಹೊತ್ತುಕೊಂಡು ಹೋಗಿದೆ ಎಂದೇ ಅರ್ಥ.

ಇದು ಬರಿಯ ಆಸೆಯ ಮಾತಲ್ಲ. ಇಂದಿನ ಪ್ರೋಟಾನ್ ಯಂತ್ರ ಇರುವ ಅದೇ 27 ಕಿಲೋಮೀಟರ್ ಸುರಂಗದಲ್ಲಿ 1989ರಿಂದ 2000ದವರೆಗೆ ‘ಲೆಪ್’ ಎಂಬ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರ ನಡೆಯಿತು. ಅದು ಸುಮಾರು 1.7 ಕೋಟಿ ಝಡ್ ಕಣಗಳನ್ನು ಹುಟ್ಟಿಸಿ ಅಳೆಯಿತು. ಝಡ್ ಕಣದ ತೂಕವನ್ನು ಲಕ್ಷದಲ್ಲಿ ಎರಡು-ಮೂರು ಭಾಗದಷ್ಟು ಮಾತ್ರ ಸಂದೇಹ ಉಳಿಯುವಂತೆ ನಿಗದಿ ಮಾಡಿತು. ಆ ಅಳತೆ ಎಷ್ಟು ನಾಜೂಕೆಂದರೆ, ಚಂದ್ರನ ಸೆಳೆತದಿಂದ ಭೂಮಿಯ ಹೊರಪದರ ಉಬ್ಬಿ ಸುರಂಗದ ಸುತ್ತಳತೆ ಒಂದು ಮಿಲಿಮೀಟರಿನಷ್ಟು ಬದಲಾದದ್ದೂ ಲೆಕ್ಕದಲ್ಲಿ ಕಂಡಿತು. ಜಿನೀವಾದಿಂದ ಹೊರಡುವ ವೇಗದ ರೈಲಿನ ಹಳಿಯಿಂದ ಸೋರಿದ ವಿದ್ಯುತ್ತೂ ಕಂಡಿತು. ಝಡ್ ಕಣದ ಒಟ್ಟು ಆಯವ್ಯಯದಿಂದ ಕಂಡ ಖರ್ಚನ್ನು ಕಳೆದು ಕಾಣದ ಖರ್ಚೆಷ್ಟೆಂದು ನೋಡಿ, ಹಗುರ ನ್ಯೂಟ್ರಿನೊಗಳು ಮೂರೇ ಬಗೆ ಎಂದು ತೀರ್ಪು ಕೊಟ್ಟದ್ದು ಈ ಯಂತ್ರ. ಒಂದೇ ಒಂದು ನ್ಯೂಟ್ರಿನೊವನ್ನೂ ಹಿಡಿಯದೆ ಅವುಗಳ ಜನಗಣತಿ ಮುಗಿಯಿತು!

ಇದು ನನ್ನಂಥ ಗುಮಾಸ್ತನಿಗೆ ಚೆನ್ನಾಗಿ ಅರ್ಥವಾಗುವ ಮಾತು. ಒಮ್ಮೆ ಮಾರ್ಚ್ ಕೊನೆಯಲ್ಲಿ ನಮ್ಮ ಶಾಖೆಯ ಲೆಕ್ಕದಲ್ಲಿ ಏಳು ರೂಪಾಯಿ ವ್ಯತ್ಯಾಸ ಬಂತು. “ಜೇಬಿನಿಂದ ಹಾಕಿ ಮುಗಿಸಿಬಿಡಿ” ಎಂದರು ಸಹೋದ್ಯೋಗಿಗಳು. ನಾನು ಎರಡು ದಿನ ಕೂತು ಹುಡುಕಿದೆ. 8,432 ರೂಪಾಯಿಯ ಬಿಲ್ಲೊಂದು ಎರಡು ಸಲ ಖರ್ಚಿಗೆ ಬಿದ್ದಿತ್ತು. 8,425 ರೂಪಾಯಿಯ ವಸೂಲಿಯೊಂದು ಎರಡು ಸಲ ಜಮಾ ಆಗಿತ್ತು. ಒಂದನ್ನೊಂದು ನುಂಗಿ ಏಳು ರೂಪಾಯಿ ಮಾತ್ರ ಹೊರಗೆ ಉಳಿದಿತ್ತು. ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಸಂಗತಿ ಅಡಗಿರುತ್ತದೆ ಎಂಬುದನ್ನು ಅಂದಿನಿಂದ ಮರೆತಿಲ್ಲ.

ಕಣಗಳ ಲೋಕದಲ್ಲಿಯೂ ಹೀಗೆಯೇ. ಯಂತ್ರದ ಶಕ್ತಿಗೆ ಎಟುಕದಷ್ಟು ಭಾರವಾದ ಕಣವೂ ಎಟುಕುವ ಕಣಗಳ ಅಳತೆಯಲ್ಲಿ ಸಣ್ಣದೊಂದು ವ್ಯತ್ಯಾಸ ಉಳಿಸುತ್ತದೆ. ಟಾಪ್ ಕ್ವಾರ್ಕನ್ನು ಹುಟ್ಟಿಸುವ ಶಕ್ತಿ ಲೆಪ್ ಯಂತ್ರಕ್ಕೆ ಇರಲಿಲ್ಲ. ಆದರೂ ಅದರ ಅಳತೆಗಳಿಂದ ಟಾಪ್ ಕ್ವಾರ್ಕಿನ ತೂಕ 170-180 ಜಿಇವಿ ಸುಮಾರಿಗೆ ಇರಬೇಕೆಂದು ಲೆಕ್ಕ ಬಂದಿತ್ತು. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ಅದು ಸಿಕ್ಕಿದಾಗ ತೂಕ ಅಲ್ಲಿಯೇ ಇತ್ತು.

ಬರಲಿರುವ ಯಂತ್ರ ಇದೇ ಕೆಲಸವನ್ನು ಹಿಗ್ಸ್ ಕಣಕ್ಕೆ ಮಾಡಬೇಕು. 240-250 ಜಿಇವಿ ಶಕ್ತಿಯಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಗುದ್ದಿದರೆ ಹಿಗ್ಸ್ ಮತ್ತು ಝಡ್ ಒಟ್ಟಿಗೆ ಹುಟ್ಟುತ್ತವೆ. ಝಡ್ ಕಣವನ್ನು ಮಾತ್ರ ನೋಡಿ, ಉಳಿದ ಶಕ್ತಿಯ ಲೆಕ್ಕದಿಂದಲೇ ಅಲ್ಲಿ ಹಿಗ್ಸ್ ಇತ್ತೆಂದು ಹೇಳಬಹುದು. ಹಿಗ್ಸ್ ಕಾಣದ ದ್ರವ್ಯವಾಗಿ ಕರಗಿಹೋದರೂ ತಪ್ಪಿಸಿಕೊಳ್ಳಲಾರದು. ಇಂದು ಹಿಗ್ಸ್ ಕಣ ಇತರ ಭಾರವಾದ ಕಣಗಳೊಡನೆ ಬೆಸೆದುಕೊಳ್ಳುವ ಬಲ ನೂರಕ್ಕೆ ಐದು-ಹತ್ತರ ಸಂದೇಹದಲ್ಲಿ ಗೊತ್ತಿದೆ. ಹೊಸ ಯಂತ್ರ ಹಲವು ಬೆಸುಗೆಗಳನ್ನು ನೂರಕ್ಕೆ ಒಂದಕ್ಕಿಂತ ಕಡಮೆ ಸಂದೇಹದಲ್ಲಿ ಅಳೆಯಬಲ್ಲದು. ಅತಿಸಮಮಿತಿ ನಿಜವಾಗಿದ್ದು ಅದರ ಜೋಡಿಗಳು ತೀರ ದೂರದಲ್ಲಿಲ್ಲದಿದ್ದರೆ, ವ್ಯತ್ಯಾಸ ಕಾಣಬೇಕಾದದ್ದು ಈ ಅಂತರದಲ್ಲಿಯೇ. ಜಿನೀವಾದ ಯೋಜನೆಯಲ್ಲಿ ಝಡ್ ಕಣಗಳನ್ನೂ ಐದಾರು ಲಕ್ಷ ಕೋಟಿಯಷ್ಟು ಹುಟ್ಟಿಸುವ ಅಂದಾಜಿದೆ. ಲೆಪ್ ಯಂತ್ರದ 1.7 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇನ್ನು ಜೋಡಿಕಣವೇ ಕೈಗೆಟುಕಿತೆಂದು ಇಟ್ಟುಕೊಳ್ಳೋಣ. ಆಗಲೂ ಕೆಲಸ ಮುಗಿಯುವುದಿಲ್ಲ, ಆಗಲೇ ಆರಂಭವಾಗುವುದು. ನಮ್ಮ ಕಚೇರಿಗೆ ಯಾರಾದರೂ ಬಂದು ‘ತೀರಿಕೊಂಡ ನೌಕರರ ಮಗಳು ನಾನು’ ಎಂದರೆ, ಮುಖ ಹೋಲುತ್ತದೆಂದು ಕುಟುಂಬ ಪಿಂಚಣಿ ಮಂಜೂರಾಗುವುದಿಲ್ಲ. ಸೇವಾ ಪುಸ್ತಕ ತೆಗೆದು ಒಂದೊಂದು ವಿವರವನ್ನೂ ತಾಳೆ ನೋಡಬೇಕು. ಹೊಸ ಕಣವೊಂದು ಸಿಕ್ಕ ಮಾತ್ರಕ್ಕೆ ಅದು ಅತಿಸಮಮಿತಿಯ ಜೋಡಿ ಎಂದಾಗುವುದಿಲ್ಲ. ಬೇರೆ ಸಿದ್ಧಾಂತಗಳೂ ಅಂಥ ಕಣಗಳನ್ನು ಹೇಳುತ್ತವೆ. ಮೊದಲು ಸ್ಪಿನ್ ನೋಡಬೇಕು. ಎಲೆಕ್ಟ್ರಾನ್ ಯಂತ್ರದ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದರೆ, ಅರ್ಧ ಸ್ಪಿನ್ನಿನ ಕಣಗಳು ಹೊಸ್ತಿಲು ದಾಟಿದೊಡನೆ ಬೇಗ ಬೇಗ ಹುಟ್ಟತೊಡಗುತ್ತವೆ. ಮ್ಯುಆನ್ ಜೋಡಿಯಂಥ ಸ್ಪಿನ್ ಇಲ್ಲದವು ನಿಧಾನವಾಗಿ. ಆಮೇಲೆ ಬೆಸುಗೆಯ ಬಲ ನೋಡಬೇಕು. ಎಲೆಕ್ಟ್ರಾನ್ ಬಲವಾಹಕ ಕಣಗಳೊಡನೆ ಎಷ್ಟು ಬಲವಾಗಿ ಬೆಸೆದುಕೊಳ್ಳುತ್ತದೆಯೋ, ಸೆಲೆಕ್ಟ್ರಾನ್ ಆ ಬಲವಾಹಕಗಳ ಜೋಡಿಗಳೊಡನೆ ಅಷ್ಟೇ ಬಲವಾಗಿ ಬೆಸೆಯಬೇಕು. ಇದು ಅತಿಸಮಮಿತಿ ಬರೆದುಕೊಟ್ಟ ಕರಾರು. ಇದರಲ್ಲಿ ಹೊಂದಾಣಿಕೆಗೆ ಹೆಚ್ಚು ಅವಕಾಶವಿಲ್ಲ. ಎಲೆಕ್ಟ್ರಾನ್ ಯಂತ್ರದಲ್ಲಿ ಇದನ್ನು ಪರೀಕ್ಷಿಸುವ ಬಗೆಯನ್ನು ವಿಜ್ಞಾನಿಗಳು 1990ರ ದಶಕದಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಪ್ರೋಟಾನ್ ಗೋಣಿಚೀಲಗಳ ಗದ್ದಲದಲ್ಲಿ ಇಷ್ಟು ನವಿರಾದ ತಾಳೆ ಬಹಳ ಕಷ್ಟ.

ಆತುರದ ತೀರ್ಪು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2022ರಲ್ಲಿ ಫರ್ಮಿಲ್ಯಾಬಿನ ಹಳೆಯ ದತ್ತಾಂಶದಿಂದ ಡಬ್ಲ್ಯು ಕಣದ ತೂಕ 80,433.5 ಎಂಇವಿ ಎಂದು ಪ್ರಕಟವಾಯಿತು. ಒಂದು ಎಂಇವಿ ಎಂದರೆ ಜಿಇವಿಯ ಸಾವಿರದಲ್ಲೊಂದು ಭಾಗ. ಒಪ್ಪಿತ ಸಿದ್ಧಾಂತ ಹೇಳುವುದಕ್ಕಿಂತ ಇದು ಎಪ್ಪತ್ತಕ್ಕೂ ಹೆಚ್ಚು ಎಂಇವಿ ಅಧಿಕ. ‘ಇದೇ ಅತಿಸಮಮಿತಿಯ ಗುರುತು’ ಎಂದು ಬರೆದವರಿಗೆ ಕೊರತೆಯಿರಲಿಲ್ಲ. 2024ರಲ್ಲಿ ಸರ್ನ್‌ನ ಸಿಎಂಎಸ್ ಪ್ರಯೋಗ ಅದನ್ನೇ ಅಳೆದಾಗ ಬಂದದ್ದು 80,360.2. ಅದು ಒಪ್ಪಿತ ಸಿದ್ಧಾಂತಕ್ಕೆ ಸರಿಯಾಗಿ ಹೊಂದುತ್ತದೆ. ಇಬ್ಬರೂ ತಮ್ಮ ಸಂದೇಹ ಹತ್ತು ಎಂಇವಿಯೊಳಗೆ ಎನ್ನುತ್ತಾರೆ. ಎರಡು ಲೆಡ್ಜರುಗಳು ಹೀಗೆ ಜಗಳವಾಡುವಾಗ ಮಾಡಬೇಕಾದ್ದು ಮೂರನೆಯ, ಶುದ್ಧವಾದ ಲೆಕ್ಕ. ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರವನ್ನು 160 ಜಿಇವಿ ಸುಮಾರಿಗೆ ನಡೆಸಿ ಡಬ್ಲ್ಯು ತೂಕವನ್ನು ಒಂದು ಎಂಇವಿಗಿಂತ ಕಡಮೆ ಸಂದೇಹದಲ್ಲಿ ಅಳೆಯುವ ಗುರಿಯಿದೆ.

ಈಗ ಯಂತ್ರದ ಪರವಾದವರಿಗೆ ನನ್ನ ಆಕ್ಷೇಪಣೆ. ಜಿನೀವಾದ ವೃತ್ತಯಂತ್ರದ ಈ ಹಂತದ ಪರಮಾವಧಿ ಶಕ್ತಿ 365 ಜಿಇವಿ. ಜೋಡಿಕಣಗಳು ಸಾಮಾನ್ಯವಾಗಿ ಎರಡೆರಡಾಗಿ ಹುಟ್ಟುವುದರಿಂದ, ಸುಮಾರು 180 ಜಿಇವಿಗಿಂತ ಭಾರವಾದದ್ದು ಅಲ್ಲಿ ನೇರವಾಗಿ ಸಿಗುವುದಿಲ್ಲ. 2013ರಲ್ಲಿ ತಾಂತ್ರಿಕ ವರದಿ ಸಿದ್ಧವಾದ, ಜಪಾನಿನಲ್ಲಿ ಕಟ್ಟಬೇಕೆಂದು ಮಾತು ನಡೆದ ನೇರಗೆರೆಯ ಯಂತ್ರವನ್ನು ಉದ್ದ ಮಾಡುತ್ತ ಹೆಚ್ಚಿನ ಶಕ್ತಿಗೆ ಒಯ್ಯಬಹುದು. ಅದಕ್ಕೂ ಒಂದು ಮಿತಿಯಿದೆ. ವ್ಯತ್ಯಾಸವೇ ಕಾಣದಿದ್ದರೆ ಅತಿಸಮಮಿತಿ ಪೂರ್ತಿ ಸುಳ್ಳೆಂದೂ ಆಗುವುದಿಲ್ಲ. ಜೋಡಿಗಳನ್ನು ಇನ್ನೂ ಭಾರ ಮಾಡಿ ಉಳಿಸಿಕೊಳ್ಳಬಹುದು. ಹೀಗಿರುವಾಗ ‘ಅತಿಸಮಮಿತಿ ಸಿಗುತ್ತದೆ, ದುಡ್ಡು ಕೊಡಿ’ ಎನ್ನುವುದು ಪ್ರಾಮಾಣಿಕತೆಯಲ್ಲ. ಸುರಂಗಕ್ಕೆ ಗುದ್ದಲಿ ಬೀಳುವ ಮೊದಲೇ, ಯಾವ ಅಳತೆ ಎಷ್ಟು ಬಂದರೆ ಯಾವ ಬಗೆಯ ಅತಿಸಮಮಿತಿಯನ್ನು ಕೈಬಿಡುತ್ತೇವೆಂದು ಬರೆದು ಸಹಿ ಹಾಕಲಿ. ಪ್ರೋಟಾನ್ ಒಡೆಯುವ ಸಿದ್ಧಾಂತ ಬರೆದುಕೊಟ್ಟಿತ್ತಲ್ಲ, ಹಾಗೆ. ಹಿಗ್ಸ್ ತೂಕವನ್ನು ಹತೋಟಿಯಲ್ಲಿಡಲೆಂದು ಹುಟ್ಟಿಸಿದ ಸಿದ್ಧಾಂತ ಆ ಕೆಲಸ ಮಾಡಲಾಗದಷ್ಟು ಭಾರದ ಜೋಡಿಗಳನ್ನು ಕೇಳಿದರೆ, ಅದನ್ನು ಆ ಹುದ್ದೆಯಿಂದ ನಿವೃತ್ತಿಗೊಳಿಸಬೇಕು.

ಈ ನಿಷ್ಠುರತೆಗೆ ಮಾದರಿ ನಮ್ಮಲ್ಲಿಯೇ ಇದ್ದರು. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ರೋಹಿಣಿ ಗೋಡಬೋಲೆಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಜೋಡಿಕಣಗಳ ಬಗ್ಗೆ 2004ರಲ್ಲಿ ಮಾನುಯೆಲ್ ಡ್ರೇಸ್ ಮತ್ತು ಪ್ರೋಬೀರ್ ರಾಯ್ ಅವರೊಡನೆ ದೊಡ್ಡ ಗ್ರಂಥವನ್ನೇ ಬರೆದವರು. ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರ ಬೇಕೆಂದು ವಾದಿಸಿದವರು. ಆದರೆ ಆ ಯಂತ್ರ ಜಾಹೀರಾತಿನಷ್ಟು ಶುದ್ಧವಲ್ಲ, ಒತ್ತೊತ್ತಾದ ಕಣಪುಂಜಗಳು ಎದುರಾದಾಗ ಹೊಮ್ಮುವ ಫೋಟಾನುಗಳೇ ಗುದ್ದಾಡಿ ಕಸ ಎಬ್ಬಿಸಬಹುದು ಎಂದು ಡ್ರೇಸ್ ಅವರೊಡನೆ 1990ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿ ಎಚ್ಚರಿಸಿದವರೂ ಇವರೇ. ತಮಗೆ ಬೇಕಾದ ಯಂತ್ರದ ಮೇಲೆ ತಾವೇ ಆಡಿಟ್ ಆಕ್ಷೇಪಣೆ ಬರೆದರು. ಯಂತ್ರ ರೂಪಿಸುವವರು ಅದನ್ನು ಗಣನೆಗೆ ತೆಗೆದುಕೊಳ್ಳಬೇಕಾಯಿತು.

ಕೊನೆಗೆ ದುಡ್ಡಿನ ಮಾತು. 2025ರ ಮಾರ್ಚಿನಲ್ಲಿ ಪ್ರಕಟವಾದ ಕಾರ್ಯಸಾಧ್ಯತಾ ವರದಿ ಮೊದಲ ಹಂತಕ್ಕೆ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ಎನ್ನುತ್ತದೆ. ನಮ್ಮ ಲೆಕ್ಕಕ್ಕೆ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಹನ್ನೆರಡು ವರ್ಷಗಳಷ್ಟು ಕಾಲಕ್ಕೆ ಹರಡಿದ, ಹಲವು ದೇಶಗಳು ಹಂಚಿಕೊಳ್ಳಬೇಕಾದ ವೆಚ್ಚ ಇದು. ಆದರೂ ಚಿಕ್ಕ ಮೊತ್ತವಲ್ಲ. ಕಟ್ಟಬೇಕೋ ಬೇಡವೋ ಎಂಬ ನಿರ್ಧಾರ 2028ರ ಸುಮಾರಿಗೆ ಆಗಬೇಕೆಂಬ ಅಂದಾಜಿದೆ. ಭಾರತ 2017ರ ಜನವರಿಯಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರ. ನಮ್ಮನ್ನೂ ಪಾಲು ಕೇಳುವ ದಿನ ಬಂದೀತು. ಆಗ ಬರಿಯ ಚೆಕ್ ಬರೆಯುವುದು ಬೇಡ, ಕೈಕೆಲಸ ಕೊಡೋಣ. ಈಗಿನ ಯಂತ್ರದ ಭಾರಿ ಅಯಸ್ಕಾಂತಗಳನ್ನು ಕೂದಲೆಳೆಯ ಹೊಂದಾಣಿಕೆಯಲ್ಲಿ ನಿಲ್ಲಿಸುವ ಆಸರೆಗಳು ಭಾರತದಿಂದ ಹೋದವು. ಸಿಎಂಎಸ್ ಪ್ರಯೋಗದ ಒಂದು ಭಾಗವನ್ನು ಕಟ್ಟುವುದರಲ್ಲಿ ಕೊಲಾಬಾದವರ ಕೈಯಿದೆ. ಅಂಥ ಕೆಲಸ ಕಲಿತ ಕೈಗಳು ನಮ್ಮಲ್ಲಿಯೇ ಉಳಿಯುತ್ತವೆ, ಅತಿಸಮಮಿತಿ ಸಿಗಲಿ ಬಿಡಲಿ. ಜೊತೆಗೆ, ಈ ದುಡ್ಡು ಎಲ್ಲಿಗೆ, ಯಾಕೆ ಎಂಬುದನ್ನು ತೆರಿಗೆ ಕೊಡುವವನ ಭಾಷೆಯಲ್ಲಿ ಹೇಳುವ ಹೊಣೆಯೂ ಅವರ ಮೇಲಿದೆ. ಹೇಳದಿದ್ದರೆ ನಮ್ಮ ಹಿರಿಯರು ನಗುವುದರಲ್ಲಿ ತಪ್ಪೇನಿದೆ?

ಹಿರಿಯರೆ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮನೆಯಲ್ಲಿ ಕಳೆದ ಉಂಗುರಕ್ಕಾಗಿ ಊರು ಅಗೆಯಬೇಕೆಂದು ನಾನು ಹೇಳುತ್ತಿಲ್ಲ. ಉಂಗುರ ಇದೆಯೋ ಇಲ್ಲವೋ ಎಂದು ಹೇಳಬಲ್ಲ ತಕ್ಕಡಿಯೊಂದು ಮನೆಯಲ್ಲಿರಲಿ ಎನ್ನುತ್ತೇನೆ. ಸಿಕ್ಕಿತೇ ಎಂದು ಕೇಳುವ ಮೊದಲು ಲೆಕ್ಕ ತಾಳೆಯಾಯಿತೇ ಎಂದು ಕೇಳೋಣ. ಒಪ್ಪದಿದ್ದರೆ ಮುಂದಿನ ತಿಂಗಳ ಕೂಟಕ್ಕೆ ದಯಮಾಡಿಸಿ. ಈ ಸಲ ನಾನು ಬಾಯಿ ಮುಚ್ಚಿಕೊಂಡು ನಗುವುದಿಲ್ಲ.